ಹನ್ನೊಂದನೆಯ ಹಾಳೆ

ಬಬ್ಬೂರು
15 ನವೆಂಬರ್ 2024

'ದುರ್ಗದ ಸೊಲ್ಲು' ವಾರಪತ್ರಿಕೆಯ ಸಂಪಾದಕ ಪ್ರಸನ್ನಕುಮಾರ್ ಅವರಿಗೆ,

ನಮಸ್ಕಾರವನ್ನು ಕೊನೆಯಲ್ಲಿ ಹೇಳುತ್ತೇನೆ, ಅಲ್ಲಿಗೆ ಬರುವಷ್ಟರಲ್ಲಿ ಮನಸ್ಸು ಉಳಿದಿದ್ದರೆ.

ಹಳೆಯ ಪತ್ತೇದಾರಿ ಕಾದಂಬರಿಗಳನ್ನು ನೀವು ಮತ್ತೆ ವಾರವಾರ ಧಾರಾವಾಹಿಯಾಗಿ ಹಾಕುತ್ತಿದ್ದೀರಿ. ಒಳ್ಳೆಯ ಕೆಲಸ. ಈಗ ನಡೆಯುತ್ತಿರುವುದು ಹೊಸದುರ್ಗದ ದಿವಂಗತ ಜಂಪಣ್ಣನವರ 'ಚಂದ್ರವಳ್ಳಿಯ ಮೂರನೆಯವನು'. ನಲವತ್ತು ವರ್ಷದ ಹಿಂದೆ 'ವಾರದ ದೀವಿಗೆ'ಯಲ್ಲಿ ಬಂದದ್ದು. ಪುಸ್ತಕವಾಗಲಿಲ್ಲ, ಆ ವಾರಪತ್ರಿಕೆಯೂ ನಿಂತುಹೋಯಿತು.

ಮೊನ್ನೆ ಬುಧವಾರದ ಕಂತಿನ ಕೊನೆಯಲ್ಲಿ ಪತ್ತೇದಾರ ದುರ್ಗೇಶ ಗವಿಯ ಮುಂದಿನ ಬಯಲಿನ ಇಬ್ಬನಿಯನ್ನು ನೋಡಿ, ಕೊಲೆಯಾದ ರಾತ್ರಿ ಅಲ್ಲಿ ಮೂರನೆಯ ಮನುಷ್ಯನೊಬ್ಬ ಇದ್ದ ಎಂದು ಕಂಡುಹಿಡಿಯುತ್ತಾನೆ. ಅದಾದ ಮೇಲೆ ನೀವು ಇನ್ನೊಂದು ಸಾಲು ಅಚ್ಚು ಹಾಕಿದ್ದೀರಿ: 'ಅಪ್ಪ ಕೇಳಿ ನಕ್ಕ. ಮಂಗಳವಾರ.'

ನಿಮ್ಮ ಸಂಪಾದಕೀಯದಲ್ಲಿ ಆ ಸಾಲನ್ನು ಅರ್ಧ ಪುಟ ಹೊಗಳಿದ್ದೀರಿ. ದುರ್ಗೇಶನಿಗೆ ಅಪ್ಪನೇ ಇಲ್ಲ, ಹಾಗಿದ್ದೂ ಹೀಗೆ ಮುಗಿಸುವ ಎದೆಗಾರಿಕೆ ಇವತ್ತಿನ ಯಾವ ಲೇಖಕನಿಗಿದೆ ಎಂದು ಕೇಳಿದ್ದೀರಿ. ಸ್ವಾಮಿ, ದುರ್ಗೇಶನಿಗೆ ಅಪ್ಪ ಇಲ್ಲ. ನನಗಿದ್ದ. ಆ ಸಾಲು ಕಾದಂಬರಿಯದಲ್ಲ, ನನ್ನದು. ನಾನೇ ಹೊಲಿದ ಪುಸ್ತಕದ ಹನ್ನೊಂದನೆಯ ಕೈಬರಹದ ಹಾಳೆಯ ತಳದಲ್ಲಿ ನನಗೋಸ್ಕರ ಬರೆದುಕೊಂಡದ್ದು. ಆ ಪುಸ್ತಕವನ್ನು 1986ರಲ್ಲಿ, ದುರ್ಗದಲ್ಲಿ ನಾವಿಬ್ಬರೂ ಟೀಚರ್ ಟ್ರೈನಿಂಗ್‌ನಲ್ಲಿದ್ದಾಗ, ನೀವು ಒಂದು ವಾರಕ್ಕೆಂದು ಕೇಳಿ ತೆಗೆದುಕೊಂಡಿರಿ. ಆಮೇಲೆ ಬಸ್ಸಿನಲ್ಲಿ ಕಳೆದುಹೋಯಿತು ಎಂದಿರಿ.

ಬಸ್ಸಿನಿಂದ ಅದು ನಿಮ್ಮ ಮೇಜಿಗೆ ಹೇಗೆ ಬಂತು ಎಂದು ನಾನು ಕೇಳುವುದಿಲ್ಲ. ಪುಸ್ತಕ ನನಗೆ ಬೇಕು. ಮುಖ್ಯವಾಗಿ ಆ ಹನ್ನೊಂದು ಹಾಳೆಗಳು, ಜನವರಿ ಇಪ್ಪತ್ತೈದರೊಳಗೆ.

ನಮಸ್ಕಾರ ಹೇಳುವ ಮನಸ್ಸು ಉಳಿಯಲಿಲ್ಲ.

ಪಾಲಮ್ಮ
ನಿವೃತ್ತ ಮುಖ್ಯ ಶಿಕ್ಷಕಿ, ಬಬ್ಬೂರು

---

ಚಿತ್ರದುರ್ಗ
21 ನವೆಂಬರ್ 2024

ಶ್ರೀಮತಿ ಪಾಲಮ್ಮನವರಿಗೆ,

ನಿಮ್ಮ ರಿಜಿಸ್ಟರ್ ಪತ್ರ ತಲುಪಿತು. ಹಳೆಯ ಕೃತಿಗಳನ್ನು ಪ್ರಕಟಿಸತೊಡಗಿದ ಮೇಲೆ ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಇದಕ್ಕೆ ಮುಂಚಿನ ಕಾದಂಬರಿ ತಮ್ಮ ಸೋದರಮಾವ ಹೇಳಿ ಬರೆಸಿದ್ದು ಎಂದು ಮದಕರಿಪುರದಿಂದ ಒಬ್ಬರು ಬಂದಿದ್ದರು. ಚಹಾ ಕುಡಿಸಿ ಕಳಿಸಿದೆವು.

'ಚಂದ್ರವಳ್ಳಿಯ ಮೂರನೆಯವನು' ಕಾದಂಬರಿಗೆ ಲೇಖಕರ ಪತ್ನಿ ಹೊಸದುರ್ಗದ ನಿಂಗಕ್ಕನವರ ಅನುಮತಿ ಪಡೆದಿದ್ದೇವೆ. ಪ್ರತಿ ನನ್ನ ಸ್ವಂತ ಸಂಗ್ರಹದ್ದು. ಟ್ರೈನಿಂಗ್ ದಿನಗಳಲ್ಲಿ ನನ್ನ ಜೊತೆ ಎಂಬತ್ತು ಜನ ಓದುತ್ತಿದ್ದರು. ಎಲ್ಲರ ಮುಖವೂ ನೆನಪಿರುವುದು ಕಷ್ಟ. ತಪ್ಪು ತಿಳಿಯಬಾರದು.

ಚಂದಾದಾರರಾಗಿ ಪತ್ರಿಕೆಯನ್ನು ಪ್ರೋತ್ಸಾಹಿಸುತ್ತಿರುವುದಕ್ಕೆ ಧನ್ಯವಾದಗಳು.

ಪ್ರಸನ್ನಕುಮಾರ್
ಸಂಪಾದಕ

---

ಬಬ್ಬೂರು
25 ನವೆಂಬರ್ 2024

ಪ್ರಸನ್ನಕುಮಾರ್ ಅವರೇ,

ಮೂವತ್ತಾರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಓದದೆ ಬಂದ ಹುಡುಗ ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತಾನೆ. ನೀವು 'ಸ್ವಂತ ಸಂಗ್ರಹ' ಎಂಬಲ್ಲಿ ಸಿಕ್ಕಿಬಿದ್ದಿರಿ.

ಆ ಸ್ವಂತ ಸಂಗ್ರಹವನ್ನು ಒಮ್ಮೆ ಕೈಗೆತ್ತಿಕೊಳ್ಳಿ. ರಟ್ಟಿಗೆ ಹಚ್ಚಿರುವುದು ಗೊಬ್ಬರದ ಕಂಪನಿಯ ಕ್ಯಾಲೆಂಡರ್, ಒಳಮಗ್ಗುಲಲ್ಲಿ ಎತ್ತಿನ ಜೋಡಿಯ ಚಿತ್ರವಿದೆ. ಹೊಲಿಗೆ ಗೋಣಿದಾರದ್ದು, ದಬ್ಬಣದಲ್ಲಿ ಐದು ತೂತು ಹಾಕಿದ್ದೇನೆ. ನಾಲ್ಕನೆಯದು ಓರೆ. ಆಗ ಮನೆಮನೆಯಲ್ಲೂ ಹೀಗೇ ಮಾಡುತ್ತಿದ್ದೆವು, ನಿಮಗೂ ಗೊತ್ತು. ವಾರವಾರ ಧಾರಾವಾಹಿಯ ಪುಟ ಕತ್ತರಿಸಿಟ್ಟು, ಮುಗಿದ ಮೇಲೆ ಹೊಲಿದು, ಮೈದಾ ಅಂಟು ಹಚ್ಚಿ ರಟ್ಟು ಹಾಕುವುದು. ಯಾವುದಾದರೂ ವಾರ ಪತ್ರಿಕೆ ತಪ್ಪಿದರೆ ಯಾರ ಮನೆಯಿಂದಲಾದರೂ ತಂದು, ಆ ಕಂತನ್ನು ಕೈಯಲ್ಲಿ ನಕಲು ಮಾಡಿ ನಡುವೆ ಸೇರಿಸುವುದು.

ನನ್ನ ಕೈಬರಹದ ಹನ್ನೊಂದು ಹಾಳೆಗಳನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಮಳೆ ಅಳತೆಯ ಖಾಲಿ ಕೋಷ್ಟಕ ಇದೆ. ಇಲ್ಲಿನ ಸರ್ಕಾರಿ ಕೃಷಿ ಫಾರಂನಲ್ಲಿ ಹಳೆಯದಾಯಿತೆಂದು ಎಸೆದಿದ್ದ ನಮೂನೆಗಳು ಅವು. ಅಪ್ಪ ಅಲ್ಲಿ ಕೂಲಿ ಮಾಡುತ್ತಿದ್ದ, ನಾನು ಬರೆಯಲೆಂದು ಆಯ್ದು ತರುತ್ತಿದ್ದ.

ಮುಖ ನೆನಪಿಲ್ಲ ಎಂದಿರಿ. ಇರಲಿ. ನಿಮ್ಮ ಮನೆಯ ಹೊಸ್ತಿಲು ನನಗೆ ಚೆನ್ನಾಗಿ ನೆನಪಿದೆ. ಟ್ರೈನಿಂಗ್ ಮುಗಿದ ಬೇಸಿಗೆಯಲ್ಲಿ ಎರಡು ಬಸ್ಸು ಬದಲಿಸಿ ಹೊಳಲ್ಕೆರೆಗೆ ಬಂದಿದ್ದೆ. ಪುಸ್ತಕ ಕಳೆದದ್ದು ನಿಜವೋ ಸುಳ್ಳೋ ನಿಮ್ಮ ಬಾಯಿಂದಲೇ ಕೇಳಬೇಕಿತ್ತು. ನಿಮ್ಮ ತಾಯಿ ಬಾಗಿಲಿಗೆ ಬಂದು ಊರು ಕೇಳಿದರು, ಬಬ್ಬೂರಿನ ಹಟ್ಟಿ ಎಂದೆ. "ಗೊಲ್ಲರಹಟ್ಟೀವಳಾ? ಅಲ್ಲೇ ನಿಂತ್ಕ, ಮೆಟ್ಲು ಹತ್ತಬ್ಯಾಡ. ಅವ್ನು ಊರಾಗಿಲ್ಲ" ಎಂದರು. ನೀರು ಕೇಳಿದೆ. ಬೋರ್‌ವೆಲ್ ಕಡೆ ಕೈ ತೋರಿಸಿದರು. ನಾನು ಆಗ ಟೀಚರಾಗಲು ಹೊರಟಿದ್ದ ಹುಡುಗಿ, ಪ್ರಸನ್ನಕುಮಾರ್ ಅವರೇ. ಒಂದು ಪುಸ್ತಕ ಕೇಳಲು ಬಂದಿದ್ದೆ, ನಿಮ್ಮ ಮನೆಯನ್ನಲ್ಲ.

ಹಾಳೆಗಳನ್ನು ಕಳಿಸಿ.

ಪುಸ್ತಕದ ಒಡತಿ,
ಪಾಲಮ್ಮ

---

ಚಿತ್ರದುರ್ಗ
4 ಡಿಸೆಂಬರ್ 2024

ಶ್ರೀಮತಿ ಪಾಲಮ್ಮನವರಿಗೆ,

ಸರಿ. ಪುಸ್ತಕ ನಿಮ್ಮದು ಎಂದು ಒಪ್ಪುತ್ತೇನೆ. ತೀರಿಹೋದ ನನ್ನ ತಾಯಿಯನ್ನು ನಡುವೆ ಎಳೆದು ತಂದ ಮೇಲೆ ಮುಖ ನೆನಪಾಗಿದೆ ಎಂತಲೂ ಬರೆಯುತ್ತೇನೆ. ಅವರು ಅವರ ಕಾಲಕ್ಕೆ ತಕ್ಕಂತೆ ಬದುಕಿದರು. ಪತ್ರಿಕೆಯ ವಿಷಯಕ್ಕೂ ಅವರಿಗೂ ಸಂಬಂಧವಿಲ್ಲ.

ಆದರೆ ಹಾಳೆಗಳನ್ನು ಕೇಳುವ ನಿಮ್ಮ ಧಾಟಿ ನೋಡಿದರೆ ಆ ಕಂತೇ ನಿಮ್ಮದು ಎಂಬಂತಿದೆ. ಪುಸ್ತಕ ಹೊಲಿದದ್ದು ಬೇರೆ, ಕಂತು ಬರೆದದ್ದು ಬೇರೆ. ಕೊನೆಯ ಸಾಲೊಂದು ನಿಮ್ಮದಿರಬಹುದು. ಅದನ್ನು ಕತೆಯ ಜೊತೆ ಅಚ್ಚು ಹಾಕಿದ್ದು ನನ್ನ ತಪ್ಪು, ಅದಕ್ಕೆ ತಿದ್ದುಪಡಿ ಹಾಕುತ್ತೇನೆ. ಉಳಿದ ಹನ್ನೊಂದು ಹಾಳೆಯಷ್ಟು ಬರಹ ಜಂಪಣ್ಣನವರದು. ನೀವೇ ಹೇಳಿದ ಹಾಗೆ ಯಾರ ಮನೆಯಿಂದಲೋ ತಂದು ನಕಲು ಮಾಡಿದ್ದೀರಿ. ನಕಲು ಮಾಡಿದವರೆಲ್ಲ ಲೇಖಕರಾಗುವುದಾದರೆ ನಮ್ಮ ಡಿ.ಟಿ.ಪಿ. ಅಂಗಡಿಯವರು ದೊಡ್ಡ ಸಾಹಿತಿಗಳಾಗುತ್ತಾರೆ.

ಟ್ರೈನಿಂಗ್‌ನಲ್ಲಿ ನಾವು ತರುತ್ತಿದ್ದ ಕೈಬರಹದ ಪತ್ರಿಕೆಗೆ ನೀವೊಂದು ಪತ್ತೇದಾರಿ ಕತೆ ಕೊಟ್ಟಿದ್ದಿರಿ. ಅದನ್ನು ವಾಪಸು ಮಾಡಿದವನು ನಾನೇ. ಹೆಣ್ಣುಮಕ್ಕಳಿಗೆ ಈ ಪ್ರಕಾರ ಒಗ್ಗುವುದಿಲ್ಲ ಎಂದು ಬರೆದಿದ್ದೆ, ಆ ಮಾತು ಇವತ್ತು ಬರೆಯುವುದಿಲ್ಲ. ಆದರೆ ಆ ಕತೆ ಬರೆದ ಕೈಯೇ ಇದನ್ನೂ ಬರೆಯಿತು ಎಂದರೆ ನಂಬಲಾರೆ. ಆ ಇಬ್ಬನಿಯ ಸುಳಿವನ್ನು ಹುಟ್ಟಿಸಲು ಹುಟ್ಟು ಬರಹಗಾರ ಬೇಕು.

1985ರ ಜನವರಿಯ ಮೂಲ ಸಂಚಿಕೆಯನ್ನು ಹುಡುಕಿಸುತ್ತಿದ್ದೇನೆ. ಸಿಕ್ಕ ದಿನ ನಿಮಗೆ ಅದರ ಜೆರಾಕ್ಸ್ ಬರುತ್ತದೆ. ಧಾರಾವಾಹಿ ಮುಗಿಯುವವರೆಗೆ ಪುಸ್ತಕ ಇಲ್ಲೇ ಇರುತ್ತದೆ.

ಪ್ರಸನ್ನಕುಮಾರ್

---

ಬಬ್ಬೂರು
8 ಡಿಸೆಂಬರ್ 2024

ಪ್ರಸನ್ನಕುಮಾರ್ ಅವರೇ,

ಹುಟ್ಟು ಬರಹಗಾರ ಬೇಕು ಎಂದಿರಿ. ಆ ಸುಳಿವನ್ನು ಹುಟ್ಟಿಸಿದವನಿಗೆ ಅಕ್ಷರವೇ ಬರುತ್ತಿರಲಿಲ್ಲ.

ಅಪ್ಪನ ಹೆಸರು ಚಿಕ್ಕತಿಮ್ಮಪ್ಪ. ಮೊದಲು ಕುರಿ ಇದ್ದವು, ಆಮೇಲೆ ಫಾರಂ ಕೂಲಿ. 1984ರ ದೀಪಾವಳಿ ಹೊತ್ತಿಗೆ ಹಾಸಿಗೆ ಹಿಡಿದ. ಹೊಟ್ಟೆಯಲ್ಲಿ ಗಡ್ಡೆ. ಹಿರಿಯೂರಿನ ಅಂಗಡಿಯಿಂದ ವಾರವಾರ 'ದೀವಿಗೆ' ತಂದು ಅವನಿಗೆ ಓದಿ ಹೇಳುವುದು ನನ್ನ ಕೆಲಸ. ಪತ್ತೇದಾರ ದುರ್ಗೇಶ ಚಿಕ್ಕಂದಿನಲ್ಲಿ ಕುರಿ ಕಾಯ್ದವನೆಂದು ಜಂಪಣ್ಣನವರು ಬರೆದಿದ್ದರಲ್ಲ, ಅಪ್ಪನಿಗೆ ಅದೇ ಸಿಟ್ಟು. "ಇವನ್ಯಾವ ಕುರಿ ಕಾಯ್ದಾನು. ಗವಿ ಮುಂದೆ ಮಂದೆ ತಂಗಿತ್ತಂತೆ, ಬೆಳಗಾದ್ಮ್ಯಾಲೆ ಇವ್ನು ಗವಿಯೊಳಗೆ ಬೀಡಿ ತುಂಡು ಹುಡುಕ್ತಾನಂತೆ. ಇಬ್ಬನಿ ಬಿದ್ದಿರ್ತೈತೆ, ಕುರಿ ಮಲಗಿದ್ದ ಜಾಗ ಮಾತ್ರ ಒಣಗಿರ್ತೈತೆ. ಕುರೀದು ಗುಂಡಗೆ, ಮನುಷ್ಯ ಮಲಗಿದ್ದು ಉದ್ದಕ್ಕೆ. ಎಷ್ಟು ಜನ ಮಲಗಿದ್ರು ಅಂತ ಅಲ್ಲೇ ಬರ್ದಂಗೆ ಇರ್ತೈತೆ. ಅದನ್ನ ನೋಡು ಅಂತ ಅವ್ನಿಗೆ ಯಾರಾದ್ರೂ ಹೇಳ್ರೋ" ಎನ್ನುತ್ತಿದ್ದ.

ಜನವರಿಯ ಎರಡನೆಯ ವಾರ ದುರ್ಗೇಶ ಲಾಟೀನು ಹಿಡಿದು ಮತ್ತೆ ಗವಿಗೆ ಹೋಗುವಲ್ಲಿಗೆ ಕಂತು ನಿಂತಿತು. ಅಪ್ಪ ದಿನಕ್ಕೆ ಹತ್ತು ಸಲ ಕೇಳತೊಡಗಿದ, ಮುಂದೇನಾಯ್ತು ಅಂತ. ಮುಂದಿನ ವಾರ ಪತ್ರಿಕೆಯ ಕಟ್ಟು ಹಿರಿಯೂರಿಗೇ ಬರಲಿಲ್ಲ. ಐದು ಕಡೆ ವಿಚಾರಿಸಿದೆ, ಯಾರ ಬಳಿಯೂ ಇರಲಿಲ್ಲ. ಡಾಕ್ಟರು ಆಗಲೇ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿಯಾಗಿತ್ತು. ಇನ್ನೊಂದು ವಾರ ಕಾಯುವಷ್ಟು ಅಪ್ಪನ ಬಳಿ ಉಳಿದಿರಲಿಲ್ಲ.

ನಾನು ಕೂತು ಆ ಮಳೆ ನಮೂನೆಗಳ ಹಿಂಬದಿಯಲ್ಲಿ ಬರೆದೆ. ಅಪ್ಪ ಹೇಳಿದ್ದನ್ನೇ ದುರ್ಗೇಶನಿಂದ ಮಾಡಿಸಿದೆ. ಹಳೆಯ ಪತ್ರಿಕೆಯೊಂದರೊಳಗೆ ಮಡಚಿಟ್ಟುಕೊಂಡು, ಅಚ್ಚಾದದ್ದನ್ನು ಓದುವವಳ ಹಾಗೆ ಮಂಗಳವಾರ ಓದಿದೆ. "ನೋಡ್ದಾ, ನಾನ್ ಹೇಳ್ಲಿಲ್ವಾ" ಎಂದು ಅಪ್ಪ ನಕ್ಕ. ನೋವು ಶುರುವಾದ ಮೇಲೆ ಅವನು ನಕ್ಕದ್ದು ಅದೊಂದೇ ಸಲ. ಶುಕ್ರವಾರ, ಜನವರಿ ಇಪ್ಪತ್ತೈದರಂದು, ಹೋದ. ಬರುವ ಜನವರಿಗೆ ನಲವತ್ತು ವರ್ಷ. ಆ ದಿನ ಅವನ ಫೋಟೋದ ಮುಂದೆ, ತಮ್ಮನ ಮಕ್ಕಳು ಮೊಮ್ಮಕ್ಕಳ ಎದುರಿಗೆ, ಆ ಹನ್ನೊಂದು ಹಾಳೆಗಳನ್ನೇ ಹಿಡಿದು ಓದಬೇಕೆಂದಿದ್ದೇನೆ.

ಮೂಲ ಸಂಚಿಕೆ ಹುಡುಕಿಸುತ್ತೇನೆ ಎಂದು ಹೆದರಿಸಿದ್ದೀರಿ. ನಿಮಗೆ ಸುಲಭವಾಗಲಿ ಎಂದು ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆ ಸಂಚಿಕೆಗೆ ನಾನು ನಿಜವಾಗಿಯೂ ಹೆದರುತ್ತೇನೆ. ಅದರಲ್ಲಿ ಜಂಪಣ್ಣನವರು ಬರೆದ ನಿಜವಾದ ಕಂತು ಇರುತ್ತದೆ. ಸಾಯುವ ಮನುಷ್ಯ ಕೇಳಿದ್ದು ಅದನ್ನು, ಮಗಳು ಕೊಟ್ಟದ್ದು ತಾನೇ ಕಟ್ಟಿದ ಸುಳ್ಳನ್ನು. ಇನ್ನೂ ನಾಲ್ಕು ಊರು ಅಲೆದಿದ್ದರೆ ಅದು ಸಿಗುತ್ತಿತ್ತೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ಯಾರಿಗೂ ಹೇಳಿಲ್ಲ, ತಮ್ಮನಿಗೂ ಹೇಳಿಲ್ಲ. ಹಗೆಯ ಹತ್ತಿರ ಹೇಳುವುದು ಸುಲಭವಾಗುತ್ತದೆ ಎಂದು ಈಗ ಗೊತ್ತಾಯಿತು.

ಹುಡುಕಿಸಿ. ಸಿಕ್ಕರೆ ಜೆರಾಕ್ಸ್ ಕಳಿಸಿ. ಜೊತೆಗೆ ನನ್ನ ಹಾಳೆಗಳನ್ನೂ ಕಳಿಸಿ.

ಪಾಲಮ್ಮ

---

ಬಬ್ಬೂರು
30 ಡಿಸೆಂಬರ್ 2024

ಪ್ರಸನ್ನಕುಮಾರ್ ಅವರೇ,

ಮೂರು ವಾರವಾಯಿತು, ಉತ್ತರವಿಲ್ಲ. ಕಳೆದ ಬುಧವಾರ ಧಾರಾವಾಹಿಯೂ ಮುಗಿಯಿತು. ಹೊಸ ಕಾದಂಬರಿಯ ಜಾಹೀರಾತನ್ನು ಬಣ್ಣದಲ್ಲಿ ಹಾಕಿದ್ದೀರಿ. ಈ ತಿಂಗಳ ಮೊದಲಲ್ಲಿ ಒಪ್ಪಿದ ತಿದ್ದುಪಡಿ ಎಲ್ಲಿಯೂ ಕಾಣಲಿಲ್ಲ, ಭೂತಗನ್ನಡಿ ಹಾಕಿಯೂ ನೋಡಿದೆ.

ಇನ್ನು ಇಪ್ಪತ್ತಾರು ದಿನವಿದೆ. ನಿಮ್ಮ ಕಚೇರಿಗೆ ಬರಬಲ್ಲೆ, ಬರುವುದಿಲ್ಲ. ನಿಮ್ಮ ಬಾಗಿಲಿಗೆ ಒಮ್ಮೆ ಬಂದದ್ದು ಸಾಕಾಗಿದೆ.

ಪಾಲಮ್ಮ

---

ಚಿತ್ರದುರ್ಗ
6 ಜನವರಿ 2025

ಪಾಲಮ್ಮನವರೇ,

ಈ ಪತ್ರ ಬರೆಯುವುದು ನನಗೆ ಇಷ್ಟವಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ.

ನಿಮ್ಮನ್ನು ಸುಳ್ಳುಗಾತಿ ಮಾಡಲೇಬೇಕೆಂದು ಹೊಸದುರ್ಗಕ್ಕೆ ಹೋದೆ. ನಿಂಗಕ್ಕನವರ ಅನುಮತಿಯನ್ನು ನಾನು ಫೋನಿನಲ್ಲೇ ಪಡೆದಿದ್ದೆ, ಮನೆಗೆ ಹೋಗಿರಲಿಲ್ಲ. ಹೋಗಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಅವರಿಗೆ ಎಂಬತ್ತರ ಹತ್ತಿರ. ಗಂಡನ ಧಾರಾವಾಹಿ ಬರುತ್ತಿದ್ದ ಕಾಲದ 'ದೀವಿಗೆ'ಗಳನ್ನೆಲ್ಲ ಟ್ರಂಕಿನಲ್ಲಿ ಬೇವಿನ ಸೊಪ್ಪು ಹಾಕಿ ಇಟ್ಟಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು. "ಬರ್ರಿ, ಕುಂತ್ಕಳ್ರಿ. ನಿಮ್ಮನ್ನೇ ಕೇಳ್ಬೇಕು ಅಂತಿದ್ದೆ. ಆ ಕುರಿ ಮಲಗಿದ್ದ ಕಂತು ಯಾರ್ ಬರ್ದಿದ್ದು? ನಮ್ಮನೆಯವ್ರಂತೂ ಅಲ್ಲ. ಅವ್ರಿಗೆ ಕುರಿ ಅಂದ್ರೆ ಊಟದೆಲೆ ಮ್ಯಾಲೆ ಬಂದಾಗ್ಲಷ್ಟೇ ಗೊತ್ತು."

ಟ್ರಂಕಿನಿಂದ ಆ ವಾರದ ಸಂಚಿಕೆಯನ್ನು ನಾನೇ ತೆಗೆದೆ. ಧಾರಾವಾಹಿಯ ಪುಟದಲ್ಲಿ ಹಲ್ಲುಪುಡಿಯ ದೊಡ್ಡ ಜಾಹೀರಾತು. ಅದರ ಮೇಲೆ ಒಂದು ಚೌಕ. ಜೆರಾಕ್ಸ್ ಇಟ್ಟಿದ್ದೇನೆ, ಆದರೂ ಇಲ್ಲಿ ಬರೆಯುತ್ತೇನೆ: 'ಲೇಖಕರು ಅಸ್ವಸ್ಥರಾಗಿರುವ ಕಾರಣ ಈ ವಾರ ಧಾರಾವಾಹಿಯ ಕಂತು ಇರುವುದಿಲ್ಲ. ಓದುಗರು ಸಹಕರಿಸಬೇಕಾಗಿ ಕೋರಿಕೆ.'

"ಆ ವಾರ ಅವ್ರಿಗೆ ಕಾಮಾಲೆ ಆಗಿತ್ತು. ಪೆನ್ನು ಹಿಡಿಯಾಕೂ ಆಗ್ತಿರ್ಲಿಲ್ಲ, ಬರ್ದೇ ಇಲ್ಲ" ಎಂದರು ನಿಂಗಕ್ಕ. ಗವಿಗೆ ಹೋದ ದುರ್ಗೇಶನನ್ನು ಜಂಪಣ್ಣನವರು ಮುಂದಿನ ವಾರ ನೇರವಾಗಿ ಪೊಲೀಸ್ ಠಾಣೆಗೆ ತಂದು ನಿಲ್ಲಿಸಿದ್ದಾರೆ. ನಡುವೆ ಏನಾಯಿತೆಂದು ಅವರು ಬರೆಯಲೇ ಇಲ್ಲ. ಕಂತುಗಳಿಗೆ ಸಂಖ್ಯೆ ಹಾಕುವ ರೂಢಿ ಆ ಪತ್ರಿಕೆಗೆ ಇರಲಿಲ್ಲ. ಹಾಗಾಗಿ ನೀವೂ ಒಂದು ಕಂತು ತಪ್ಪಿತೆಂದುಕೊಂಡಿರಿ, ನಾನೂ ಹಾಗೇ ಅಂದುಕೊಂಡೆ.

ನೀವು ತಪ್ಪಿಸಿಕೊಂಡ ಕಂತು ಲೋಕದಲ್ಲೇ ಇರಲಿಲ್ಲ. ಇನ್ನೆಷ್ಟು ಊರು ಅಲೆದಿದ್ದರೂ ಸಿಗುತ್ತಿರಲಿಲ್ಲ. ಇದ್ದದ್ದು ನಿಮ್ಮದೊಂದೇ. ಈ ವಿಷಯ ಡಿಸೆಂಬರ್ ಹದಿನೆಂಟರಿಂದ ನನಗೆ ಗೊತ್ತಿತ್ತು. ಮೂರು ವಾರ ಸುಮ್ಮನಿದ್ದೆ. ಯಾಕೆಂದು ನಿಮಗೇ ತಿಳಿಯುತ್ತದೆ. ನಿಮ್ಮ ಕತೆಯನ್ನು ವಾಪಸು ಮಾಡಿದವನೂ ನಾನೇ, ನಿಮ್ಮ ಸಾಲನ್ನು ಅರ್ಧ ಪುಟ ಹೊಗಳಿದವನೂ ನಾನೇ.

ಇನ್ನೊಂದಿದೆ. ನೀವು ಹೊಳಲ್ಕೆರೆಗೆ ಬಂದ ದಿನ ನಾನು ಊರಿನಲ್ಲಿದ್ದೆ. ಒಳಗೇ ಇದ್ದೆ. ಪುಸ್ತಕ ತೊಡೆಯ ಮೇಲಿತ್ತು. ಅಮ್ಮ ಆಡಿದ ಒಂದೊಂದು ಮಾತೂ ಕೇಳಿಸಿತು, ನೀವು ನೀರು ಕೇಳಿದ್ದೂ ಕೇಳಿಸಿತು. ಎದ್ದು ಬಂದರೆ ನಿಮ್ಮನ್ನು ಒಳಗೆ ಕರೆಯಬೇಕಾಗುತ್ತಿತ್ತು. ಅಮ್ಮನ ಎದುರು ಅಷ್ಟು ಧೈರ್ಯ ನನಗಿರಲಿಲ್ಲ. ನೀವು ತಿರುವಿನಲ್ಲಿ ಮರೆಯಾದ ಮೇಲೆ ಪುಸ್ತಕವನ್ನು ಕೊಡುವುದು ಇನ್ನೂ ಕಷ್ಟವಾಯಿತು. ಆಮೇಲೆ ವರ್ಷಗಳು ಕಳೆದವು.

ಪುಸ್ತಕವನ್ನು ಪಾರ್ಸೆಲ್ ಮಾಡಿದ್ದೇನೆ. ಸ್ಕ್ಯಾನ್ ಮಾಡಲು ಹೊಲಿಗೆ ಬಿಚ್ಚಿಸಿದ್ದೆ, ಅದಕ್ಕೆ ಕ್ಷಮೆ ಇರಲಿ. ಆ ಕಂತಿಗೆ ನಿಮ್ಮ ಹೆಸರು ಹಾಕಿ ತಿದ್ದುಪಡಿ ಪ್ರಕಟಿಸುತ್ತೇನೆ. ಹೇಗೆ ಬರೆಯಬೇಕೆಂದು ತಿಳಿಸಿ.

ಪ್ರಸನ್ನಕುಮಾರ್

---

ಬಬ್ಬೂರು
13 ಜನವರಿ 2025

ಪ್ರಸನ್ನಕುಮಾರ್ ಅವರೇ,

ಆ ಚೌಕವನ್ನು ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಒಲೆಯ ಮೇಲಿದ್ದ ಸಾರು ಸೀದುಹೋಯಿತು. ಅಪ್ಪನಿಗೆ ನಾನು ಯಾವುದನ್ನೂ ತಪ್ಪಿಸಿರಲಿಲ್ಲ. ಜಂಪಣ್ಣನವರ ಕಾಮಾಲೆಗೆ ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು, ನಿಂಗಕ್ಕನವರು ಕ್ಷಮಿಸಲಿ.

ಇದನ್ನು ತಿಳಿಸಿದ್ದಕ್ಕೆ ನಿಮಗೆ ಕೃತಜ್ಞಳಾಗಿರಬೇಕಿತ್ತು. ಮೂರು ವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದಿರಿ ಎಂದು ಓದಿದ ಮೇಲೆ ಆಗಲಿಲ್ಲ. ನಲವತ್ತು ವರ್ಷದ ಭಾರಕ್ಕೆ ಇಪ್ಪತ್ತು ದಿನ ಸೇರಿಸಿ ಕೊಟ್ಟಿರಿ.

ಒಳಗೇ ಇದ್ದೆ ಎಂದಿರಿ. ಗೊತ್ತಿತ್ತು. ನಿಮ್ಮ ಚಪ್ಪಲಿ ಮೆಟ್ಟಿಲ ಮೇಲಿತ್ತು, ಎಡಗಾಲಿನದಕ್ಕೆ ತಂತಿ ಹಾಕಿದ್ದು. ನಾನೂ ಪತ್ತೇದಾರಿ ಓದಿ ಬೆಳೆದವಳು.

ತಿದ್ದುಪಡಿಯನ್ನು ಹೀಗೆ ಹಾಕಿ, ಒಂದಕ್ಷರ ಹೆಚ್ಚು ಕಡಿಮೆ ಮಾಡಬೇಡಿ: 'ನವೆಂಬರ್ 13ರ ಕಂತು ಜಂಪಣ್ಣನವರದಲ್ಲ. ಹೇಳಿದವರು ಬಬ್ಬೂರಿನ ಕುರಿಗಾಹಿ ಚಿಕ್ಕತಿಮ್ಮಪ್ಪ, ಬರೆದುಕೊಂಡವರು ಅವರ ಮಗಳು. ಸಂಪಾದಕರು ಎರವಲು ಪಡೆದು ಹಿಂತಿರುಗಿಸದ ಪುಸ್ತಕದಿಂದ ಇದನ್ನು ತೆಗೆದುಕೊಳ್ಳಲಾಗಿತ್ತು.'

ಇನ್ನು ಪಾರ್ಸೆಲ್ ವಿಷಯ. ನನ್ನ ಹಾಳೆಗಳನ್ನು ಎಣಿಸಿದೆ, ಹತ್ತಿವೆ. ಮತ್ತೆ ಎಣಿಸಿದೆ, ಹತ್ತೇ. ಇಲ್ಲದಿರುವುದು ಹನ್ನೊಂದನೆಯದು, ಅಪ್ಪ ನಕ್ಕದ್ದು ಇರುವುದು. ಅಂಚೆಯವರನ್ನು ದೂರಬೇಡಿ, ಹೊದಿಕೆ ಹರಿದಿರಲಿಲ್ಲ.

ಅದನ್ನು ಅಂಚೆಗೆ ಹಾಕಬೇಡಿ. ಬಸ್ಸಿನಲ್ಲಿ ಕಳೆಯುವ ವಸ್ತುಗಳು ಅಂಚೆಯಲ್ಲೂ ಕಳೆಯುತ್ತವೆ. ನೀವೇ ತನ್ನಿ. ನಮ್ಮ ಮನೆಗೂ ಒಂದು ಹೊಸ್ತಿಲಿದೆ.

ಪಾಲಮ್ಮ

---

ಚಿತ್ರದುರ್ಗ
17 ಜನವರಿ 2025

ಪಾಲಮ್ಮನವರೇ,

ಹಾಳೆ ಕಳೆದಿಲ್ಲ, ನಾನೇ ಇಟ್ಟುಕೊಂಡಿದ್ದೆ. ಪಾರ್ಸೆಲ್ ಕಟ್ಟುವಾಗ ಅದೊಂದನ್ನು ಕೊಡಲು ಕೈ ಬರಲಿಲ್ಲ. ಇಷ್ಟು ವರ್ಷ ಆ ಪುಸ್ತಕವನ್ನು ನಾನು ತೆಗೆಯುತ್ತಿದ್ದದ್ದೇ ಆ ಒಂದು ಸಾಲಿಗೆ. ಯಾರ ಅಪ್ಪ, ಯಾಕೆ ನಕ್ಕ ಎಂದು ಗೊತ್ತಿಲ್ಲದೆಯೇ ಓದುತ್ತಿದ್ದೆ. ಅದು ನನ್ನಲ್ಲೇ ಇರಲಿ ಎಂದು ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಇಲ್ಲ ಎನ್ನುತ್ತೀರಿ ಎಂದೂ ಗೊತ್ತಿದೆ.

ತಿದ್ದುಪಡಿ ಜನವರಿ 22ರ ಸಂಚಿಕೆಯ ಮುಖಪುಟದಲ್ಲಿ, ನೀವು ಬರೆದಂತೆಯೇ ಬರುತ್ತದೆ. ಮರುದಿನ ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ.

ಪ್ರಸನ್ನಕುಮಾರ್

---

ಬಬ್ಬೂರು
27 ಜನವರಿ 2025

ಪ್ರಸನ್ನಕುಮಾರ್ ಅವರಿಗೆ,

ಗುರುವಾರ ನೀವು ಬಂದಾಗ ನಾನು ಒಳಗೇ ಇದ್ದೆ.

ತಮ್ಮನ ಸೊಸೆ ದೀಪಾಳಿಗೆ ಮೊದಲೇ ಹೇಳಿಟ್ಟಿದ್ದೆ, ಅತ್ತೆ ಊರಲ್ಲಿಲ್ಲ ಅನ್ನು, ಹಾಳೆ ಇಸಿದುಕೋ, ಕಳಿಸು ಎಂದು. ಅವಳು ಮೊದಲೆರಡು ಮಾಡಿದಳು, ಮೂರನೆಯದು ಅವಳ ಕೈಲಿ ಆಗಲಿಲ್ಲ. "ಬಿಸ್ಲಾಗೆ ಬಂದೀರಿ, ಒಳಗ್ ಬರ್ರಿ, ಕುಂತ್ಕಳ್ರಿ" ಎಂದಳು. ನೀವು "ಬ್ಯಾಡಮ್ಮ, ಇಲ್ಲೇ ನಿಂತಿರ್ತೀನಿ. ಒಂದ್ ಲೋಟ ನೀರಿದ್ರೆ ಕೊಡಮ್ಮ" ಎಂದಿರಿ. ಆ ದನಿ ಕೇಳಿ ಮೂವತ್ತೆಂಟು ವರ್ಷವಾಗಿತ್ತು. ಮುದುಕನ ದನಿಯಾಗಿದೆ.

ಅಡುಗೆಮನೆಯ ಕಿಂಡಿಯಿಂದ ನೋಡಿದೆ. ನನ್ನ ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದೆ, ಮರೆತು ಅಲ್ಲ. ನೀವು ಅದನ್ನು ನೋಡಿದಿರಿ. ನೋಡಿಯೂ ಕರೆಯಲಿಲ್ಲ. ಎರಡೂ ಕೈಯಿಂದ ಹಾಳೆ ಕೊಟ್ಟು, ನೀರು ಕುಡಿದು, ಲೋಟವನ್ನು ನೀವೇ ತೊಳೆದು ಬೋರಲು ಹಾಕಿ ಹೋದಿರಿ. ಹೀಗೆ ಮಾಡಿದರೆ ಮನಸ್ಸು ಹಗುರಾಗುತ್ತದೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಸ್ವಲ್ಪ ಆಯಿತು, ಸುಳ್ಳು ಹೇಳುವುದಿಲ್ಲ. ಪೂರ್ತಿ ಆಗಲಿಲ್ಲ. ಬಸ್ಸಿನ ಸದ್ದು ಕೇಳಿದ ಮೇಲೆ ಹೊರಗೆ ಬಂದು ಆ ಲೋಟ ನೋಡುತ್ತ ತುಂಬ ಹೊತ್ತು ನಿಂತಿದ್ದೆ. ಒಳಗೇ ಕೂರುವುದು ಸುಖದ ಕೆಲಸವಲ್ಲ ಎಂದು ಗೊತ್ತಾಯಿತು. ನೀವು ಅದನ್ನು ಇಷ್ಟು ವರ್ಷ ಮಾಡಿದ್ದೀರಿ. ಕ್ಷಮಿಸಿದೆ ಎಂದು ಬರೆಯಲು ಈಗಲೂ ಆಗುವುದಿಲ್ಲ.

ಶನಿವಾರ ಅಪ್ಪನ ಫೋಟೋದ ಮುಂದೆ ಓದಿದೆ. ಇಪ್ಪತ್ತು ಜನ ಇದ್ದರು. ಇಬ್ಬನಿಯ ಜಾಗ ಬಂದಾಗ ತಮ್ಮ ಜುಂಜೇಶ, ಅವನಿಗೂ ಅರವತ್ತು ಹತ್ತಿರವಾಯಿತು, "ಇದು ಅಪ್ಪನ್ ಮಾತು ಅಲ್ವೇನಕ್ಕ" ಎಂದು ಅತ್ತ. ಹನ್ನೊಂದನೆಯ ಹಾಳೆಯ ಕೊನೆಯ ಸಾಲನ್ನು ನಾನು ಜೋರಾಗಿ ಓದಲಿಲ್ಲ. ಅದು ಈಗಾಗಲೇ ಜಿಲ್ಲೆಗೆಲ್ಲ ಗೊತ್ತಾಗಿದೆ, ನಿಮ್ಮ ದಯೆಯಿಂದ.

ನಿನ್ನೆ ಪುಸ್ತಕವನ್ನು ಮತ್ತೆ ಹೊಲಿದೆ. ಅದೇ ಐದು ತೂತು, ನಾಲ್ಕನೆಯದು ಓರೆಯಾಗಿಯೇ ಇದೆ. ಹನ್ನೊಂದು ಹಾಳೆಯೂ ಅವುಗಳ ಜಾಗದಲ್ಲಿವೆ. ಈ ಪುಸ್ತಕ ಇನ್ನು ಯಾರಿಗೂ ಎರವಲು ಹೋಗುವುದಿಲ್ಲ. ಆ ಸಾಲು ಓದಬೇಕೆನ್ನಿಸಿದರೆ ನೀವು ಇಲ್ಲಿಗೇ ಬರಬೇಕು, ಮೆಟ್ಟಿಲು ಹತ್ತಿ ಒಳಗೆ ಕೂತು ಓದಬೇಕು, ಓದಿ ಇಲ್ಲೇ ಇಟ್ಟು ಹೋಗಬೇಕು. ನಾನು ಎದುರಿಗೇ ಕೂತಿರುತ್ತೇನೆ, ಪುಸ್ತಕದ ಮೇಲೆ ಕಣ್ಣಿಟ್ಟು.

ಪಾಲಮ್ಮ
ಚಿಕ್ಕತಿಮ್ಮಪ್ಪನ ಮಗಳು